ಐದನೇ ಡೌನ್



ಇವತ್ತು ಒಂದು ಆಟದ ಬಗ್ಗೆ ಮಾತಾಡ್ತೀನಿ. ನಮ್ಮ ಫುಟ್‌ಬಾಲ್ ಅಲ್ಲ, ಅಮೆರಿಕದ ಕಾಲೇಜು ಫುಟ್‌ಬಾಲ್. ಉದ್ದುದ್ದ ಚೆಂಡು, ತಲೆಗೆ ಹೆಲ್ಮೆಟ್, ಒಬ್ಬರ ಮೇಲೆ ಒಬ್ಬರು ಬೀಳೋದು, ಅದೇ. ನಿಯಮ ಪೂರ್ತಿ ಗೊತ್ತಿರಬೇಕಾಗಿಲ್ಲ, ಒಂದು ಗೊತ್ತಿದ್ದರೆ ಸಾಕು. ಚೆಂಡು ಇರುವ ತಂಡ ಹತ್ತು ಗಜ ಮುಂದೆ ಹೋಗಬೇಕು, ಅದಕ್ಕೆ ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. ನಾಲ್ಕರಲ್ಲಿ ಆಗಲಿಲ್ಲ ಅಂದ್ರೆ ಚೆಂಡು ಎದುರಾಳಿಗೆ. ಐದನೆಯದು ಅಂತ ಒಂದು ಇಲ್ಲವೇ ಇಲ್ಲ.

1990ರ ಅಕ್ಟೋಬರ್ 6. ಮಿಸೌರಿ ವಿಶ್ವವಿದ್ಯಾಲಯದ ಮೈದಾನ. ಮಿಸೌರಿ 31, ಕೊಲೊರಾಡೊ 27. ಅರ್ಧ ನಿಮಿಷದಷ್ಟೇ ಆಟ ಬಾಕಿ, ಕೊಲೊರಾಡೊ ಗೆರೆಯಿಂದ ಮೂರು ಗಜ ದೂರದಲ್ಲಿದೆ. ಮೊದಲ ಡೌನ್‌ನಲ್ಲಿ ಗಡಿಯಾರ ನಿಲ್ಲಿಸೋಕೆ ಚೆಂಡನ್ನು ಬೇಕಂತಲೇ ನೆಲಕ್ಕೆ ಹೊಡೆದರು. ಅದಕ್ಕೆ ಆ ಆಟದಲ್ಲಿ ಅನುಮತಿ ಇದೆ. ಎರಡನೆಯದರಲ್ಲಿ ಓಡಿದರು, ಗೆರೆ ಮುಟ್ಟಲಿಲ್ಲ. ಆಗ ಡೌನ್ ಎಷ್ಟನೆಯದು ಅಂತ ತೋರಿಸುವ ಕೋಲನ್ನು ಬದಲಾಯಿಸೋಕೆ ಮರೆತರು. ಅಷ್ಟೇ ತಪ್ಪು. ಮೂರನೆಯದೂ ವ್ಯರ್ಥ ಆಯ್ತು. ನಾಲ್ಕನೆಯದರಲ್ಲಿ, ಇನ್ನೂ ಒಂದಿದೆ ಅಂದುಕೊಂಡು ಮತ್ತೆ ಚೆಂಡನ್ನು ನೆಲಕ್ಕೆ ಹೊಡೆದರು. ಆಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಐದನೇ ಸಲ ಚೆಂಡು ಅವರಿಗೇ ಸಿಕ್ಕಿತು, ಸಮಯ ಮುಗಿಯುವ ಹೊತ್ತಿಗೆ ಗೆರೆ ದಾಟಿದರು. 33–31, ಕೊಲೊರಾಡೊ ಗೆದ್ದಿತು. ಆಮೇಲೆ ರೆಫರಿಗಳನ್ನು ಸಸ್ಪೆಂಡ್ ಮಾಡಿದರು, ಫಲಿತಾಂಶವನ್ನು ಮಾತ್ರ ಮುಟ್ಟಲಿಲ್ಲ. ಆ ವರ್ಷ ಎರಡು ಮುಖ್ಯ ಮತದಾನಗಳಲ್ಲಿ ಒಂದರಲ್ಲಿ ಕೊಲೊರಾಡೊ ರಾಷ್ಟ್ರೀಯ ಚಾಂಪಿಯನ್, ಇನ್ನೊಂದರಲ್ಲಿ ಜಾರ್ಜಿಯಾ ಟೆಕ್.

ಈಗ ನಮಗೆ ಸಂಬಂಧಪಟ್ಟ ವಿಷಯಕ್ಕೆ ಬರ್ತೀನಿ. ಕೊಲೊರಾಡೊ ಕೋಚ್ ಬಿಲ್ ಮೆಕ್‌ಕಾರ್ಟ್ನಿ. ಒಂದು ಕಾಲದಲ್ಲಿ ಅದೇ ಮಿಸೌರಿ ಪರ ಆಡಿದ್ದವರು. ನಮ್ಮ ನಿಮ್ಮ ಹಾಗೆ ವಿಶ್ವಾಸಿ. ಅದೇ 1990ರಲ್ಲಿ ಗಂಡಸರಿಗಾಗಿ ಒಂದು ಕ್ರೈಸ್ತ ಸೇವೆಯನ್ನು ಹುಟ್ಟುಹಾಕಿದರು, ಹೆಸರು ಪ್ರಾಮಿಸ್ ಕೀಪರ್ಸ್. ಕೊಟ್ಟ ಮಾತು ಉಳಿಸಿಕೊಳ್ಳುವವರು ಅಂತ. ಪಂದ್ಯ ಬಿಟ್ಟುಕೊಡ್ತೀರಾ ಅಂತ ಕೇಳಿದಾಗ ಅವರು ಇಲ್ಲ ಅಂದರು. ಮೈದಾನ ಜಾರುತ್ತಿತ್ತು, ನಮ್ಮ ಹುಡುಗರು ಕಾಲೂರೋಕೆ ಆಗದೆ ಬೀಳ್ತಾ ಇದ್ದರು ಅಂದರು.

ಕಲ್ಲೆತ್ತಬೇಡಿ, ಸ್ವಲ್ಪ ತಾಳಿ.

ಇದಕ್ಕೂ ಐವತ್ತು ವರ್ಷ ಹಿಂದೆ, 1940ರ ನವೆಂಬರ್ 16ರಂದು, ಹೀಗೇ ಆಗಿತ್ತು. ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿ ಕಾರ್ನೆಲ್ ಮತ್ತು ಡಾರ್ಟ್‌ಮತ್. ಹದಿನೆಂಟು ಪಂದ್ಯಗಳಿಂದ ಕಾರ್ನೆಲ್ ಸೋತೇ ಇರಲಿಲ್ಲ. ಆವತ್ತು 3–0ಯಿಂದ ಹಿಂದೆ ಇತ್ತು. ಕೊನೆಯ ಕ್ಷಣಗಳಲ್ಲಿ ನಾಲ್ಕನೇ ಡೌನ್ ವಿಫಲವಾಯ್ತು. ಆದರೆ ರೆಫರಿ ರೆಡ್ ಫ್ರೀಸೆಲ್ ಲೆಕ್ಕ ತಪ್ಪಿ ಚೆಂಡನ್ನು ಮತ್ತೆ ಕಾರ್ನೆಲ್‌ಗೇ ಕೊಟ್ಟರು. ಐದನೇ ಡೌನ್‌ನಲ್ಲಿ ಪಾಸ್, ಟಚ್‌ಡೌನ್, 7–3. ಆಮೇಲೆ ಪಂದ್ಯದ ಫಿಲಂ ನೋಡಿದರು. ಸೋಮವಾರ ಫ್ರೀಸೆಲ್ ತನ್ನ ತಪ್ಪನ್ನು ಒಪ್ಪಿಕೊಂಡರು. ಆದರೆ ಪಂದ್ಯ ಮುಗಿದ ಮೇಲೆ ಫಲಿತಾಂಶ ಬದಲಿಸುವ ಅಧಿಕಾರ ರೆಫರಿಗೂ ಇಲ್ಲ, ಮೇಲಿನವರಿಗೂ ಇಲ್ಲ. ನಿಯಮದ ಪ್ರಕಾರ ಗೆಲುವು ಕಾರ್ನೆಲ್‌ನದೇ. ಕಾರ್ನೆಲ್‌ನವರು ಡಾರ್ಟ್‌ಮತ್‌ಗೆ ಟೆಲಿಗ್ರಾಂ ಕಳಿಸಿದರು: ಗೆಲುವು ನಮಗೆ ಬೇಡ, ಅದು ನಿಮ್ಮದು. ಡಾರ್ಟ್‌ಮತ್ ತಗೊಂಡಿತು. ಇವತ್ತಿಗೂ ದಾಖಲೆಯಲ್ಲಿ ಡಾರ್ಟ್‌ಮತ್ 3, ಕಾರ್ನೆಲ್ 0. ಹದಿನೆಂಟು ಪಂದ್ಯಗಳ ಆ ಸರಣಿ ಒಂದು ಟೆಲಿಗ್ರಾಂನಲ್ಲಿ ಮುಗಿಯಿತು.

ಸರಿ, ಇದಕ್ಕೆ ಅವರಿಗೆ ಆಶೀರ್ವಾದ ಸಿಕ್ಕಿರಬೇಕಲ್ವಾ? ಮುಂದಿನ ವಾರ ಪೆನ್ಸಿಲ್ವೇನಿಯಾ ವಿರುದ್ಧವೂ ಸೋತರು. ನಿಜವಾಗಿಯೇ ಸೋತರು. ಇದನ್ನು ಯಾಕೆ ಹೇಳ್ತೀನಿ ಅಂದ್ರೆ, ನಾವು ಪಾಸ್ಟರ್‌ಗಳು ಇಂಥ ಕಥೆಗಳನ್ನು ಅರ್ಧಕ್ಕೇ ನಿಲ್ಲಿಸೋದು ಜಾಸ್ತಿ.

ಈಗ ಕೊಲೊರಾಡೊ ಪರವಾಗಿ ಒಂದು ಮಾತು ಹೇಳಲೇಬೇಕು. ಕಾರ್ನೆಲ್ ತನ್ನ ನಾಲ್ಕನೇ ಡೌನ್‌ನಲ್ಲಿ ಪೂರ್ತಿ ಪ್ರಯತ್ನಪಟ್ಟು ಸೋತಿತ್ತು. ಅಲ್ಲಿ ಸತ್ಯ ಏನು ಅಂತ ಯಾರಿಗೂ ಸಂಶಯ ಇಲ್ಲ. ಕೊಲೊರಾಡೊ ಹುಡುಗರು ನಾಲ್ಕನೇ ಡೌನ್‌ನಲ್ಲಿ ಪ್ರಯತ್ನವನ್ನೇ ಮಾಡಲಿಲ್ಲ. ಕೋಲು ಮೂರು ಅಂತ ತೋರಿಸ್ತಿತ್ತು, ಅದನ್ನು ನಂಬಿ ಚೆಂಡನ್ನು ನೆಲಕ್ಕೆ ಹೊಡೆದರು. ನಾಲ್ಕು ಅಂತ ತೋರಿಸಿದ್ದರೆ ಖಂಡಿತ ಬೇರೆ ರೀತಿ ಆಡುತ್ತಿದ್ದರು. ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ದೇವರಿಗೇ ಗೊತ್ತು. ಅಂದಮೇಲೆ ಇವರೂ ರೆಫರಿ ತಪ್ಪಿಗೆ ಬಲಿಯಾದವರೇ ತಾನೇ? ಈ ವಾದವನ್ನು ಮೊದಲು ಓದಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಇದು ಸುಳ್ಳು ವಾದ ಅಂತ ಹೇಳೋದಿಲ್ಲ. ಒಂದು ಮಾತ್ರ ನೋಡಿ. ಈ ವಾದದಿಂದ ಪಂದ್ಯ ಕೊಲೊರಾಡೊದ್ದು ಅಂತ ಆಗೋದಿಲ್ಲ, ಯಾರದ್ದು ಅಂತ ಗೊತ್ತಿಲ್ಲ ಅಂತಷ್ಟೇ ಆಗುತ್ತೆ. ಯಾರದ್ದು ಅಂತ ಗೊತ್ತಿಲ್ಲದ ವಸ್ತು ನನ್ನ ಮನೆಯಲ್ಲಿದ್ದರೆ ಅದು ನನ್ನದು ಅಂತ ಆಯ್ತಾ?

ಟೆಕ್ನಾಲಜಿ ಬಂದ ಮೇಲೆ ಇದೆಲ್ಲ ಸರಿಹೋಗಿರಬೇಕಲ್ಲ, ಕ್ರಿಕೆಟ್‌ಗೆ ಡಿಆರ್‌ಎಸ್ ಬಂದ ಹಾಗೆ, ಅಂತ ನೀವು ಕೇಳಬಹುದು. 2006ರ ಹೊತ್ತಿಗೆ ಅಲ್ಲಿ ರಿಪ್ಲೇ ಬಂದಿತ್ತು. ಅದೇ ವರ್ಷ ಒರೆಗಾನ್ ಮತ್ತು ಒಕ್ಲಹೋಮಾ ಪಂದ್ಯದ ಕೊನೆಯಲ್ಲಿ, ರಿಪ್ಲೇ ನೋಡಿದ ಮೇಲೂ ತಪ್ಪು ತೀರ್ಪು ಕೊಟ್ಟರು. ಒರೆಗಾನ್ ಒಂದೇ ಪಾಯಿಂಟ್‌ನಿಂದ ಗೆದ್ದಿತು. ರೆಫರಿಗಳಿಗೆ ಒಂದು ಪಂದ್ಯದ ಶಿಕ್ಷೆಯಾಯ್ತು, ಫಲಿತಾಂಶ ಹಾಗೇ ಉಳಿಯಿತು. 2013ರಲ್ಲಿ ಇನ್ನೊಂದು ವಿಚಿತ್ರ. ಎದುರಾಳಿಯ ತಲೆಗೆ ಗುದ್ದಿದರೆ ಆಟಗಾರ ಹೊರಗೆ, ತಂಡಕ್ಕೆ ಹದಿನೈದು ಗಜ ದಂಡ ಅಂತ ನಿಯಮ ಮಾಡಿದರು. ವಿಡಿಯೋ ನೋಡಿ ಅವನು ತಪ್ಪು ಮಾಡಿಲ್ಲ ಅಂತ ಗೊತ್ತಾದರೆ ಅವನನ್ನು ವಾಪಸ್ ಕರೀತಾರೆ, ಆದರೆ ಹದಿನೈದು ಗಜ ಮಾತ್ರ ವಾಪಸ್ ಇಲ್ಲ! ನೀನು ನಿರಪರಾಧಿ, ಹೋಗು, ಫೈನ್ ಕಟ್ಟಿ ಹೋಗು ಅಂದ ಹಾಗೆ. ಮುಂದಿನ ವರ್ಷವೇ ಅದನ್ನು ತಿದ್ದಿದರು. ಅಂದ್ರೆ ನಿಯಮ ತಿದ್ದಬಹುದು, ಕ್ಯಾಮೆರಾ ಹೆಚ್ಚಿಸಬಹುದು. ಆದರೆ ತಪ್ಪಾಗಿ ನನ್ನ ಕೈಗೆ ಬಂದದ್ದನ್ನು ನಾನೇ ಮುಂದೆ ಬಂದು ವಾಪಸ್ ಕೊಡಬೇಕಾ ಅನ್ನೋ ಪ್ರಶ್ನೆ ಯಾವ ರೂಲ್‌ಬುಕ್ಕಿಗೂ ಸಿಕ್ಕಲ್ಲ.

ಈ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಜಕ್ಕಾಯನನ್ನು ಕರೆದುಕೊಂಡು ಬರ್ತೀವಿ. ಅವನು ಇಲ್ಲಿಗೆ ಹೊಂದಲ್ಲ. ಅವನು ಗೊತ್ತಿದ್ದೇ ಕಿತ್ತುಕೊಂಡವನು. ಮೆಕ್‌ಕಾರ್ಟ್ನಿ ಯಾರ ಜೇಬಿಗೂ ಕೈ ಹಾಕಲಿಲ್ಲ. ಇಲ್ಲಿಗೆ ಹೊಂದೋದು ಧರ್ಮೋಪದೇಶಕಾಂಡ 22ರ ಎತ್ತು. ದಾರಿತಪ್ಪಿದ ಎತ್ತು ನಿಮ್ಮ ಹಟ್ಟಿಗೆ ತಾನಾಗಿ ಬಂತು. ನೀವು ಕದ್ದಿಲ್ಲ, ಕರೆದಿಲ್ಲ. ಆದರೂ ನೋಡಿಯೂ ನೋಡದ ಹಾಗೆ ಇರಬೇಡ, ಅವನಿಗೆ ಮುಟ್ಟಿಸು ಅಂತ ಅಲ್ಲಿದೆ. ಯಾರದ್ದು ಅಂತ ಗೊತ್ತಿಲ್ಲದಿದ್ದರೆ? ಅವನು ಹುಡುಕಿಕೊಂಡು ಬರುವವರೆಗೆ ಇಟ್ಟುಕೋ, ಬಂದಾಗ ಕೊಡು. ಹಟ್ಟಿಯಲ್ಲಿ ಎಷ್ಟು ದಿನ ಇದ್ದರೂ ಅದು ಅವನ ಎತ್ತೇ.

1998ರಲ್ಲಿ ಮೆಕ್‌ಕಾರ್ಟ್ನಿ ಆ ಪಂದ್ಯದ ಬಗ್ಗೆ ವಿಷಾದ ಹೇಳಿಕೊಂಡರು. ಎಂಟು ವರ್ಷ ಬೇಕಾಯ್ತು. 2025ರ ಜನವರಿಯಲ್ಲಿ ತೀರಿಕೊಂಡರು. ಎಂಟು ವರ್ಷ ತಡ ಮಾಡಿದ್ದಕ್ಕೆ ನಾನು ಅವರನ್ನು ಬೈಯೋ ಹಾಗಿಲ್ಲ.

ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನಲ್ಲಿ ಕ್ಲಾಸಿಗೆ ಒಬ್ಬರಿಗೆ ಮಾತ್ರ ಫೀ ಕನ್ಸೆಷನ್ ಇತ್ತು, ಅದೂ ಅಂಕ ನೋಡಿ. ನನ್ನ ಒಂದು ಪೇಪರ್ ಕೂಡಿದ್ದರಲ್ಲಿ ತಪ್ಪಾಗಿತ್ತು. 61 ಬರಬೇಕಾದ ಕಡೆ 71. ಪೇಪರ್ ಕೈಗೆ ಕೊಟ್ಟ ದಿನವೇ ನೋಡಿದೆ. ಎರಡು ಸಲ ಕೂಡಿದೆ. ಪಕ್ಕದಲ್ಲಿ ಕೂತಿದ್ದ ಗೆಳೆಯ ಒಟ್ಟು ಅಂಕದಲ್ಲಿ ನನಗಿಂತ ನಾಲ್ಕು ಕಮ್ಮಿ. ಪೇಪರ್ ಮಡಚಿ ಬ್ಯಾಗಿಗೆ ಹಾಕಿದೆ. ಕೂಡಿದ್ದು ನಾನಲ್ಲವಲ್ಲ!

ಅವನು ಮುಂದಿನ ವರ್ಷ ಕಾಲೇಜು ಬಿಟ್ಟು ಮಾವನ ಅಂಗಡಿಗೆ ಸೇರಿದ. ಫೀಸ್ ಒಂದೇ ಕಾರಣ ಇರಲಿಕ್ಕಿಲ್ಲ. ಅವರಪ್ಪನಿಗೂ ಹುಷಾರಿರಲಿಲ್ಲ. ಕೊಲೊರಾಡೊ ವಾದ ನನಗೆ ಅಷ್ಟು ಚೆನ್ನಾಗಿ ಅರ್ಥ ಆಗೋದು ಇದಕ್ಕೇ. ನನಗೆ ದೀಕ್ಷಾಸ್ನಾನ ಆಗಿ ಆಗ ಮೂರು ತಿಂಗಳು. ಆ ಭಾನುವಾರ ಸಭೆಯಲ್ಲಿ ಎದ್ದು ನಿಂತು, ಕರ್ತನು ನನ್ನ ಫೀಸ್ ಕಟ್ಟಿದನು ಅಂತ ಸಾಕ್ಷಿ ಹೇಳಿದೆ. ಎಲ್ಲರೂ ಹಲ್ಲೆಲೂಯಾ ಅಂದರು. ಅಮ್ಮ ಅತ್ತರು.

ಕನ್ಸೆಷನ್ ಹನ್ನೊಂದು ಸಾವಿರ. ಅಷ್ಟು ದುಡ್ಡು ಈಗ ನನ್ನ ಹತ್ತಿರ ಇದೆ, ಕೊಡಬಹುದು. ಆದರೆ ಆಗಿನ ಹನ್ನೊಂದು ಸಾವಿರ ಕೊಟ್ಟರೆ ಎತ್ತು ವಾಪಸ್ ಹೋದ ಹಾಗಾ, ಅಥವಾ ಅದರ ಹಗ್ಗ ಮಾತ್ರವಾ? ಗೊತ್ತಿಲ್ಲ. ಅವನಿಗೆ ಈ ವಿಷಯವೇ ಗೊತ್ತಿಲ್ಲ, ಹುಡುಕಿಕೊಂಡು ಬರೋಕೂ ಸಾಧ್ಯ ಇಲ್ಲ.

ಕಳೆದ ವಾರ ಒಬ್ಬರ ಮೂಲಕ ಅವನ ನಂಬರ್ ಸಿಕ್ಕಿದೆ. ಇನ್ನೂ ಫೋನ್ ಮಾಡಿಲ್ಲ. ಮುಂದಿನ ಭಾನುವಾರ ಬಾಗಿಲಲ್ಲಿ ನಿಂತಿರ್ತೀನಿ, ಮಾಡಿದ್ರಾ ಅಂತ ಕೇಳಿ.