ಸಂಕಲ್ಪ ಯಾರದ್ದು?

ಬಳಕೆದಾರರ ಹೆಸರಿನಲ್ಲಿ ಒಂದು ವೆಬ್ ಆ್ಯಪ್ ಇಮೇಲ್ ಕಳಿಸಿದರೆ ಆ ಮಾತು ಯಾರದ್ದು? ಇದು ಎಂಜಿನಿಯರುಗಳಿಗೆ ಮಾತ್ರ ಬಿಟ್ಟ ಪ್ರಶ್ನೆ ಅಂತ ನನಗನ್ನಿಸುವುದಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ಮಾಡಿದ ಕರ್ಮ ಯಾರಿಗೆ ಸೇರುತ್ತದೆ ಎಂಬುದನ್ನು ಪೂರ್ವಮೀಮಾಂಸಕರು ಬಹಳ ಹಿಂದೆಯೇ ಬಿಡಿಸಿ ನೋಡಿದ್ದಾರೆ. ಯಾಗದ ಫಲ ಅದನ್ನು ಮಾಡಿಸುವ ಯಜಮಾನನಿಗೆ ಸಲ್ಲುವುದಾದರೆ ಎಲ್ಲವನ್ನೂ ಅವನೇ ಮಾಡಬೇಡವೇ ಎಂಬ ಶಂಕೆ ಜೈಮಿನಿ ಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಬರುತ್ತದೆ. ದಕ್ಷಿಣೆ ಕೊಟ್ಟು ಋತ್ವಿಜರನ್ನು ಗೊತ್ತುಮಾಡಿಕೊಳ್ಳಬೇಕೆಂದು ಶಾಸ್ತ್ರವೇ ಹೇಳುವುದರಿಂದ ಉಳಿದ ಕೆಲಸ ಅವರು ಮಾಡಬಹುದು, ದ್ರವ್ಯತ್ಯಾಗ ಮಾತ್ರ ಯಜಮಾನನದೇ ಎಂಬುದು ಅಲ್ಲಿಯ ನಿರ್ಣಯ. ಋತ್ವಿಜರಲ್ಲೊಬ್ಬನಾದ ಅಧ್ವರ್ಯು ಆಹುತಿ ಹಾಕುತ್ತಾನೆ. ಇದು ಈ ದೇವತೆಗೆ, ನನ್ನದಲ್ಲ ಎಂದು ಯಜಮಾನ ಹೇಳುತ್ತಾನೆ. ಕೈ ಬೇರೆಯವರದಾಗಬಹುದು, ಯಾರಿಗೆ ಏನು ಕೊಡುತ್ತೇನೆ ಎಂಬ ಮನಸ್ಸು ಬೇರೆಯವರದಾಗಲಾರದು.

ಇಮೇಲ್‌ನ ನಿಯಮಗಳಲ್ಲೂ ಈ ವಿವೇಕ ಮೊದಲಿಂದ ಇತ್ತು. 1982ರ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 822 ಪತ್ರದ ತಲೆಯಲ್ಲಿ ಎರಡು ಸಾಲುಗಳನ್ನು ಬೇರೆಬೇರೆ ಇಟ್ಟಿತು: ಮಾತು ಯಾರದ್ದೋ ಅವರ ಹೆಸರು 'ಫ್ರಂ' ಸಾಲಿನಲ್ಲಿ, ನಿಜವಾಗಿ ರವಾನಿಸಿದವರ ಹೆಸರು 'ಸೆಂಡರ್' ಸಾಲಿನಲ್ಲಿ. ಅಧಿಕಾರಿಯ ಪರವಾಗಿ ಅವರ ಸೆಕ್ರೆಟರಿ ಕಳಿಸುವ ಪತ್ರ ಅಲ್ಲಿಯ ಉದಾಹರಣೆಗಳಲ್ಲೊಂದು. ಆದರೆ ಅದೇ ತಿಂಗಳು ಬಂದ, ಅಂಚೆ ಸಾಗಿಸುವ ಎಸ್‌ಎಂಟಿಪಿ ನಿಯಮ 'ಫ್ರಂ'ನಲ್ಲಿ ಬರೆದ ಹೆಸರು ನಿಜವೇ ಎಂದು ಪರೀಕ್ಷಿಸುವ ವ್ಯವಸ್ಥೆ ಮಾಡಲಿಲ್ಲ. ಹೀಗಾಗಿ ಇನ್ನೊಬ್ಬರ ಹೆಸರು ಹಾಕಿ ಕಳಿಸುವುದು ವರ್ಷಗಟ್ಟಲೆ ಸಲೀಸಾಗಿ ನಡೆಯಿತು.

ಬಳಕೆದಾರರು ಒಪ್ಪಿಗೆಯ ಗುಂಡಿ ಒತ್ತಿದ್ದಾರಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಲಿಂಕ್ಡ್‌ಇನ್ ವಿರುದ್ಧ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ನಡೆದ ಪರ್ಕಿನ್ಸ್ ಪ್ರಕರಣ ಉತ್ತರ ಕೊಡುತ್ತದೆ. ಸದಸ್ಯರ ವಿಳಾಸಪಟ್ಟಿಯಲ್ಲಿದ್ದವರಿಗೆ ಸಂಸ್ಥೆ ಸದಸ್ಯರ ಹೆಸರಿನಲ್ಲೇ ಆಹ್ವಾನ ಕಳಿಸಿತ್ತು. ಅದನ್ನು ಸ್ವೀಕರಿಸದವರಿಗೆ ಮತ್ತೆರಡು ನೆನಪೋಲೆ ಹೋಗುತ್ತಿದ್ದವು. 2014ರಲ್ಲಿ ನ್ಯಾಯಾಧೀಶೆ ಲೂಸಿ ಕೋ ಮೊದಲ ಆಹ್ವಾನಕ್ಕೆ ಸದಸ್ಯರ ಒಪ್ಪಿಗೆಯಿತ್ತು ಎಂದರು, ನೆನಪೋಲೆಗಳ ವಿಷಯದಲ್ಲಿ ಮೊಕದ್ದಮೆ ಮುಂದುವರಿಯಲು ಬಿಟ್ಟರು. ಬೇಡವೆಂಬ ಸೂಚನೆ ಅರ್ಥವಾಗದೆ ಮತ್ತೆ ಮತ್ತೆ ಕಾಡುವವರು ಇವರು ಎಂಬ ಭಾವನೆ ಸದಸ್ಯರ ಬಗ್ಗೆ ಮೂಡಬಹುದೆಂಬ ಮಾತೂ ಆ ಆದೇಶದಲ್ಲಿದೆ. 2015ರಲ್ಲಿ ಸಂಸ್ಥೆ 1.3 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ನನ್ನ ದೃಷ್ಟಿಯಲ್ಲಿ ಆಹ್ವಾನಕ್ಕೂ ನೆನಪೋಲೆಗಳಿಗೂ ನ್ಯಾಯಾಧೀಶೆ ಮಾಡಿದ ಭೇದ ಬಹಳ ಸರಿಯಾದದ್ದು. ಮೂರು ಪತ್ರಗಳಲ್ಲೂ ಹೆಸರು ಒಂದೇ. ಆದರೆ ಮೊದಲನೆಯದರ ಹಿಂದೆ ಒಬ್ಬ ಮನುಷ್ಯನ ಇಚ್ಛೆಯಿತ್ತು, ಉಳಿದೆರಡರ ಹಿಂದೆ ಇದ್ದದ್ದು ಸಂಸ್ಥೆಯ ಲೆಕ್ಕಾಚಾರ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಓದುಬರಹ ಬಾರದವರ ಪತ್ರವನ್ನು ಬೇರೆಯವರು ಬರೆದುಕೊಟ್ಟಿದ್ದಾರೆ. ಮಾತಿನ ಜೋಡಣೆ ಅವರದಾದರೂ ಪತ್ರ ಹೇಳಿಸಿದವರದೇ ಆಗಿತ್ತು, ಆ್ಯಪ್ ಮಾಡುವುದೂ ಅದನ್ನೇ ಅಲ್ಲವೇ? ಆದರೆ ಬರೆದುಕೊಟ್ಟವರು ಪತ್ರವನ್ನು ಓದಿ ಹೇಳುತ್ತಿದ್ದರು, ಯಾರಿಗೆ ಎಂದು ಕೇಳುತ್ತಿದ್ದರು. ಆ್ಯಪ್ ಕೂಡ ಹಾಗೆ ಒಕ್ಕಣೆಯನ್ನು ಪೂರ್ತಿ ತೋರಿಸಿ, ವಿಳಾಸಗಳನ್ನು ಒಂದೊಂದಾಗಿ ಆಯ್ದುಕೊಳ್ಳಲು ಬಿಟ್ಟರೆ ನನ್ನ ತಕರಾರಿಲ್ಲ. ಕಳಿಸಿದವರ ಹೆಸರಿನ ಸಾಲಿಗೂ ಇದೇ ಪ್ರಾಮಾಣಿಕತೆ ಬೇಕು. 2014ರ ಏಪ್ರಿಲ್‌ನಲ್ಲಿ ಯಾಹೂ, ತನ್ನ ವಿಳಾಸವನ್ನು 'ಫ್ರಂ'ನಲ್ಲಿ ಹಾಕಿಕೊಂಡು ಹೊರಗಿನಿಂದ ಬರುವ ದೃಢೀಕರಣವಿಲ್ಲದ ಅಂಚೆಯನ್ನು ತಿರಸ್ಕರಿಸುವಂತೆ ಡಿಮಾರ್ಕ್ ಎಂಬ ದೃಢೀಕರಣ ನಿಯಮದ ಮೂಲಕ ಸೂಚಿಸಿದಾಗ ಅನೇಕ ಸೇವೆಗಳಿಗೆ ತೊಂದರೆಯಾಯಿತು, ನಿಜ. ಆದರೆ ಅದರಿಂದ ಪ್ರಾಮಾಣಿಕ ರೂಪವೊಂದು ರೂಢಿಗೆ ಬಂತು: 'ಫ್ರಂ'ನಲ್ಲಿ ಸೇವೆಯ ಸ್ವಂತ ವಿಳಾಸ, 'ರಿಪ್ಲೈ-ಟು'ನಲ್ಲಿ ಬಳಕೆದಾರರದು. ಪತ್ರ ತಂದದ್ದು ಯಾರು, ಉತ್ತರ ಯಾರಿಗೆ ಹೋಗಬೇಕು ಎಂಬುದು ತೆರೆದವರಿಗೆ ಆಗಲೇ ಕಾಣುತ್ತದೆ.