ಉಪ್ಪು ತಾಗದ ಕಾರು

ಉಪ್ಪಿನಕಾಯಿ ಭರಣಿಗೆ ಕಬ್ಬಿಣದ ಸೌಟು ಹಾಕಬಾರದೆಂದು ನಮಗೆ ಯಾವ ಶಾಲೆಯಲ್ಲೂ ಹೇಳಿಕೊಡಲಿಲ್ಲ. ಅದು ಆಯಿಯ ಅಡಿಗೆಮನೆಯ ಪಾಠ. ಮರದ ಸೌಟು, ಒದ್ದೆಯಿಲ್ಲದ ಕೈ, ಬಟ್ಟೆ ಕಟ್ಟಿದ ಭರಣಿಯ ಬಾಯಿ. ಮಾವಿನಮಿಡಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಯುವ ಉಪ್ಪೇ ಕಬ್ಬಿಣವನ್ನು ತಿಂದು ಮುಗಿಸುತ್ತದೆ. ಕುಮಟೆಯ ನಮ್ಮ ಮನೆಗೆ ಸಾಣಿಕಟ್ಟಾದ ಉಪ್ಪಿನ ಆಗರ ದೂರವೇನಲ್ಲ. ಕಡಲಗಾಳಿಗೆ ಕಿಟಕಿಯ ಸರಳುಗಳು ಪದರು ಪದರಾಗಿ ಏಳುತ್ತಿದ್ದವು. ಅಪ್ಪ ತನ್ನ ಸೈಕಲ್ಲನ್ನು ಎಣ್ಣೆಬಟ್ಟೆಯಿಂದ ಒರೆಸದೆ ಮಲಗುತ್ತಿರಲಿಲ್ಲ. ಹಾಗಾಗಿ ಉಪ್ಪು ಕಬ್ಬಿಣಗಳ ಜಗಳ ನನಗೆ ಹೊಸದಲ್ಲ. ಆದರೆ ಆ ಜಗಳದ ನಡುವೆ ಒಬ್ಬ ಹೆಂಗಸೂ ಸಿಕ್ಕಿಕೊಳ್ಳಬಹುದೆಂದು ತಿಳಿದದ್ದು 2019ರ ಜನವರಿಯಲ್ಲಿ, ಅಮೆರಿಕದ ಡೆಟ್ರಾಯಿಟ್ ಊರಿನ ಹೊರವಲಯದಲ್ಲಿರುವ ಅಕ್ಕನ ಮನೆಗೆ ಹೋದಾಗ.

ಅಲ್ಲಿ ಹಿಮ ಬೀಳುವ ಸೂಚನೆ ಸಿಕ್ಕಿದರೆ ಸಾಕು, ದೊಡ್ಡ ದೊಡ್ಡ ಲಾರಿಗಳು ರಸ್ತೆಯುದ್ದಕ್ಕೂ ಉಪ್ಪು ಎರಚುತ್ತ ಬರುತ್ತವೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಹಿಮ ಕರಗುತ್ತದೆ, ಗಾಡಿಗಳು ಜಾರುವುದು ತಪ್ಪುತ್ತದೆ. ಆ ದೇಶದಲ್ಲಿ ವರ್ಷಕ್ಕೆ ಹೀಗೆ ರಸ್ತೆಗೆ ಬೀಳುವ ಉಪ್ಪು ಸುಮಾರು 2 ಕೋಟಿ ಟನ್ನು. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿಯಿದೆ. ಸುಮಾರು 40 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಕಡಲೊಂದು ಬತ್ತಿ ಉಳಿದ ಉಪ್ಪು ಅದು. "ನೋಡು, ನಮ್ಮ ಕಡಲು ಇಲ್ಲಿಗೂ ಬೆನ್ನು ಹತ್ತಿ ಬಂದಿದೆ ಮಾರಾಯ್ತಿ" ಎಂದು ಅಕ್ಕ ನಕ್ಕಳು.

ಜನರ ಪ್ರಾಣ ಉಳಿಸುವ ಆ ಉಪ್ಪು ಕಾರುಗಳ ಪ್ರಾಣ ತೆಗೆಯುತ್ತದೆ. ಉಪ್ಪುನೀರು ಚಕ್ರದ ಮೇಲಿನ ಗೂಡಿಗೆ, ಬಾಗಿಲ ಕೆಳಗಿನ ಸಂದಿಗೆ, ಬ್ರೇಕಿನ ಕೊಳವೆಗಳಿಗೆ ಸಿಡಿದು ಕೂತುಬಿಡುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ಹತ್ತುತ್ತದೆ.

ಅಕ್ಕನ ಗ್ಯಾರೇಜಿನಲ್ಲಿ ಭಾವನ ಕಾರಿತ್ತು. 1991ರ ನೀಲಿ ವೋಲ್ವೊ 240. ಪೆಟ್ಟಿಗೆಯಂತೆ ಚೌಕಾಕಾರ, ನೋಡಲು ಅಂಥ ಚೆಲುವೇನಿಲ್ಲ. 1993ಕ್ಕೆ ಆ ಮಾದರಿಯನ್ನು ತಯಾರಿಸುವುದೇ ನಿಂತುಹೋಯಿತು. ಭಾವ 2016ರಲ್ಲಿ ತೀರಿಕೊಂಡ ಮೇಲೆ ಅಕ್ಕ ಅದಕ್ಕೊಂದು ನೇಮ ಮಾಡಿಕೊಂಡಿದ್ದಳು. ನವೆಂಬರಿನಲ್ಲಿ ಮೊದಲ ಉಪ್ಪಿನ ಲಾರಿ ಕಾಣುವ ಮುಂಚೆ ಕಾರು ಒಳಗೆ. ಟ್ಯಾಂಕಿನ ತುಂಬ ಪೆಟ್ರೋಲು, ಟಯರಿಗೆ ತುಸು ಹೆಚ್ಚು ಗಾಳಿ, ಬ್ಯಾಟರಿ ಸಾಯದಂತೆ ಸಣ್ಣದೊಂದು ಚಾರ್ಜರು, ಇಲಿ ಹೊಗದಂತೆ ಹೊಗೆಕೊಳವೆಯ ಬಾಯಿಗೆ ಬಿರಟೆ, ಮೇಲೆ ಹತ್ತಿಯ ಹೊದಿಕೆ. ಏಪ್ರಿಲಿನಲ್ಲಿ ಎರಡು ದೊಡ್ಡ ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋದ ಮೇಲೆಯೇ ಮತ್ತೆ ಹೊರಗೆ. ವರ್ಷದಲ್ಲಿ ಐದು ತಿಂಗಳು ಕಾರಿಗೆ ಅಜ್ಞಾತವಾಸ.

ನಾನು ಮೆಚ್ಚಿಕೊಂಡೆ. ಗಂಡನ ವಸ್ತುವನ್ನು ಇಷ್ಟು ಜತನದಿಂದ ಕಾಯುವವರು ಎಷ್ಟು ಮಂದಿ? ಆದರೆ ಒಂದು ವಾರ ಕಳೆಯುವಷ್ಟರಲ್ಲಿ ನನಗೆ ಬೇರೇನೋ ಕಾಣಿಸತೊಡಗಿತು. ಆ ಮನೆಯಲ್ಲಿ ಇನ್ನೊಂದು ಕಾರಿರಲಿಲ್ಲ. ಹತ್ತಿರದಲ್ಲಿ ಬಸ್ಸೂ ಇಲ್ಲ. ಕಾರಿನ ಜೊತೆಗೆ ಅಕ್ಕನದೂ ಅಜ್ಞಾತವಾಸವೇ. ತರಕಾರಿ ಯಾರೋ ತಂದುಕೊಡಬೇಕು, ಡಾಕ್ಟರ ಬಳಿಗೆ ಯಾರೋ ಕರೆದೊಯ್ಯಬೇಕು. ಡಿಸೆಂಬರಿನಲ್ಲಿ ಅವಳ ಮೂವತ್ತು ವರ್ಷದ ಗೆಳತಿಯೊಬ್ಬಳ ಗಂಡ ತೀರಿಕೊಂಡಿದ್ದರು. ಅರ್ಧ ಗಂಟೆಯ ದಾರಿ. ಅಕ್ಕ ಹೋಗಿರಲಿಲ್ಲ. "ಫೋನು ಮಾಡಿದ್ದೆ. ರಸ್ತೆಯ ತುಂಬ ಉಪ್ಪಿತ್ತಲ್ಲ" ಎಂದಳು. ಹೇಳಿದ ಮೇಲೆ ನನ್ನ ಮುಖ ನೋಡಲಿಲ್ಲ.

ನನಗೆ ಸಿಟ್ಟೇ ಬಂತು. ಆದರೆ ಸಿಟ್ಟು ಮಾಡುವ ಹಕ್ಕು ನನಗೆಲ್ಲಿದೆ? ನಮ್ಮ ಮನೆಯ ಬೀರುವಿನಲ್ಲಿ ಆಯಿಯ ಜರತಾರಿ ಸೀರೆಯಿತ್ತು. ಆಯಿ ಉಟ್ಟದ್ದು ಎರಡೇ ಸಲ. ನಾನು ಒಮ್ಮೆಯೂ ಇಲ್ಲ. ಹಾಳಾದೀತೆಂಬ ಭಯ. ಮಗಳ ಮದುವೆಯ ದಿನ ತೆಗೆದು ಬಿಡಿಸಿದರೆ ಮಡಿಕೆ ಮಡಿಕೆಯಲ್ಲೂ ಸೀಳು! ಉಟ್ಟು ಹರಿದದ್ದಲ್ಲ, ಇಟ್ಟು ಹರಿದದ್ದು. ನೀವೂ ನಿಮ್ಮ ಬೀರುವನ್ನು ಒಮ್ಮೆ ತೆಗೆದು ನೋಡಿ. ಬಳಸಿದರೂ ವಸ್ತು ಸವೆಯುತ್ತದೆ, ಬಳಸದಿದ್ದರೂ ಸವೆಯುತ್ತದೆ. ಹಾಗಾದರೆ ಪ್ರೀತಿಯ ವಸ್ತುವನ್ನು ಕಾಪಾಡುವುದೆಂದರೆ ಏನು? ವಸ್ತುವಿಗಾಗಿ ಕಾಯುತ್ತೇವೆಯೋ, ಅದು ಯಾವುದಕ್ಕೆ ಇತ್ತೋ ಅದಕ್ಕಾಗಿಯೋ?

ಈ ಪ್ರಶ್ನೆ ಒಂದು ಮನೆಯ ಗ್ಯಾರೇಜಿಗೆ ಮಾತ್ರ ಸೇರಿದ್ದಲ್ಲ. ಅಕ್ಕನ ಊರಿನಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಫ್ಲಿಂಟ್ ಎಂಬ ಊರಿದೆ. ದುಡ್ಡು ಉಳಿಸಲೆಂದು 2014ರ ಏಪ್ರಿಲಿನಲ್ಲಿ ಆ ಊರಿನ ನಲ್ಲಿಗಳಿಗೆ ಅಲ್ಲಿನ ನದಿಯ ನೀರನ್ನೇ ಬಿಟ್ಟರು. ಲೋಹವನ್ನು ಕೊರೆಯುವ ಗುಣ ಆ ನೀರಿನಲ್ಲಿತ್ತು. ಅದನ್ನು ತಡೆಯುವ ಮದ್ದನ್ನು ಬೆರೆಸಲಿಲ್ಲ. ಅಕ್ಟೋಬರಿನಲ್ಲಿ ಅಲ್ಲಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆ, ಈ ನೀರಿನಿಂದ ನಮ್ಮ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಬೇರೆ ನೀರು ಪಡೆದುಕೊಂಡಿತು. ಊರಿನ ಜನ ಮಾತ್ರ, ಮಕ್ಕಳುಮರಿ ಸಮೇತ, ಹಳೆಯ ಕೊಳವೆಗಳಿಂದ ಸೀಸ ಕರಗಿ ಬರುತ್ತಿದ್ದ ಅದೇ ನೀರನ್ನು ಇನ್ನೂ ಒಂದು ವರ್ಷ ಕುಡಿದರು. ಎಂಜಿನ್ನಿಗೆ ಮೊದಲು ಮರುಕ ಸಿಕ್ಕಿತು, ಮಗುವಿಗೆ ಆಮೇಲೆ. ಈ ಕಥೆಯನ್ನು ನನಗೆ ಹೇಳಿದವಳು ಅಕ್ಕನೇ, ಕಣ್ಣು ಕೆಂಪಗೆ ಮಾಡಿಕೊಂಡು. ಅವಳ ಬೆನ್ನ ಹಿಂದೆ, ಗ್ಯಾರೇಜಿನ ಬಾಗಿಲಾಚೆ, ಕಾರು ಹೊದ್ದು ಮಲಗಿತ್ತು.

ನಾನು ಒಂದೇ ಮಾತು ಕೇಳಿದೆ. "ಅಕ್ಕ, ಭಾವ ಚಳಿಗಾಲದಲ್ಲಿ ಯಾವ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು?"

ಅವಳು ತುಸು ಹೊತ್ತು ಸುಮ್ಮನಿದ್ದಳು. "ಇದರಲ್ಲೇ."

"ಉಪ್ಪಿನಲ್ಲಿ?"

"ಉಪ್ಪಿನಲ್ಲಿ, ಹಿಮದಲ್ಲಿ, ಎಲ್ಲದರಲ್ಲಿ. ಚಳಿಗಾಲಕ್ಕೆ ಮೊದಲು ಅಡಿಗೆ ಎಣ್ಣೆ ಹೊಡೆಸುತ್ತಿದ್ದರು. ಶನಿವಾರ ಶನಿವಾರ ಅಡಿಯಿಂದ ನೀರು ಹಾಯಿಸಿ ತೊಳೆಸುತ್ತಿದ್ದರು. ಉಪ್ಪು ತಿಂದವ ನೀರು ಕುಡಿಯಲೇಬೇಕು, ಕಾರಾದರೂ ಅಷ್ಟೇ, ಅನ್ನುತ್ತಿದ್ದರು." ಸ್ವಲ್ಪ ತಡೆದು ಮತ್ತೆ ಹೇಳಿದಳು: "ನಿನಗೆ ತಿಳಿಯುವುದಿಲ್ಲ ತಂಗಿ. ಅವರಿದ್ದಾಗ ಅದು ಕಾರು. ಈಗ ಅದೊಂದೇ ಉಳಿದಿರುವುದು. ತೂತು ಬಿದ್ದರೆ ಇನ್ನೊಂದು ತರಲಾರೆ."

ಅದೂ ಸುಳ್ಳಲ್ಲ. ಕಳೆದುಕೊಂಡವರ ಲೆಕ್ಕವೇ ಬೇರೆ. ಇರುವ ನಾಲ್ಕರಲ್ಲಿ ಒಂದು ಹಾಳಾದರೆ ಮೂರು ಉಳಿಯುತ್ತದೆ. ಇರುವ ಒಂದೇ ಹಾಳಾದರೆ ಉಳಿಯುವುದೇನು? ನಾನು ವಾದ ಮಾಡಲಿಲ್ಲ.

ಜನವರಿಯ ಕೊನೆಯಲ್ಲಿ ಎಂದೂ ಕಾಣದಂಥ ಚಳಿ ಬಂತು. ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ. ಅಷ್ಟು ಚಳಿಗೆ ಸಾಮಾನ್ಯ ಉಪ್ಪೂ ಕೆಲಸ ಮಾಡುವುದಿಲ್ಲ; ರಸ್ತೆ ಗಾಜಾಗಿತ್ತು. ಎರಡು ದಿನ ಇಬ್ಬರೂ ಕಿಟಕಿಯ ಬಳಿ ಕೂತು ಅದನ್ನೇ ನೋಡಿದೆವು. ಉಪ್ಪನ್ನು ಬಯ್ಯುತ್ತಿದ್ದ ಅಕ್ಕ ಅಂದು "ಉಪ್ಪು ಹತ್ತಿದರೆ ಸಾಕಿತ್ತು, ಯಾರ ಮಕ್ಕಳು ಎಲ್ಲಿ ಸಿಕ್ಕಿಕೊಂಡಿದ್ದಾರೋ" ಎಂದಳು. ನಮ್ಮ ಕಾರಿನ ತುಕ್ಕು ಇನ್ನಾರದೋ ಮಗ ಸಂಜೆ ಮನೆ ಸೇರಿದ್ದಕ್ಕೆ ತೆತ್ತ ಬೆಲೆ. ಬಿಲ್ಲು ಕೊಡುವವರಾರೂ ಇಲ್ಲದ್ದರಿಂದ ಅದು ಬರಿಯ ನಷ್ಟದಂತೆ ಕಾಣುತ್ತದೆ.

ಫೆಬ್ರವರಿಯಲ್ಲಿ ಒಂದು ದಿನ ಬಿಸಿಲು ಬಂತು. ರಸ್ತೆಯಲ್ಲಿ ಬೂದು ಬಣ್ಣದ ಉಪ್ಪುನೀರು ಹರಿಯುತ್ತಿತ್ತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಕ್ಕ ಹೊದಿಕೆ ಮಡಚಿಟ್ಟು, ಕೊಳವೆಯ ಬಿರಟೆ ತೆಗೆದು, ಟಯರಿನ ಗಾಳಿ ನೋಡುತ್ತಿದ್ದಳು. "ಹೊರಡು" ಎಂದಳು, ಅಷ್ಟೇ. ಗೆಳತಿಯ ಮನೆಯಲ್ಲಿ ಮೂರು ಗಂಟೆ ಕೂತೆವು. ಬಾಗಿಲು ತೆಗೆದ ಗೆಳತಿ ಮೊದಲು ನೋಡಿದ್ದು ಅಕ್ಕನನ್ನಲ್ಲ, ಆಚೆ ನಿಂತಿದ್ದ ನೀಲಿ ಕಾರನ್ನು. ಅವಳಿಗೆ ಎಲ್ಲವೂ ತಿಳಿಯಿತು.

ಬರುವ ದಾರಿಯಲ್ಲಿ ಕಾರು ತೊಳೆಯುವ ಕಡೆ ನುಗ್ಗಿಸಿದಳು. ಗಾಜು ಏರಿಸಿ ಒಳಗೇ ಕೂತೆವು. ನೀರು ಅಡಿಯಿಂದ ರಭಸವಾಗಿ ಬಡಿಯತೊಡಗಿತು, ಹೆಂಚಿನ ಮೇಲೆ ಆಷಾಢದ ಮಳೆ ಸುರಿದ ಹಾಗೆ. ಅಕ್ಕ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಕೇಳುತ್ತಿದ್ದಳು. "ಶನಿವಾರದ ಸದ್ದು ಇದು. ಮರೆತೇ ಹೋಗಿತ್ತು" ಎಂದಳು.

ಕಾರನ್ನು ಹೊದಿಸಿಟ್ಟಿದ್ದರೆ ಕಬ್ಬಿಣ ಇನ್ನೊಂದಿಷ್ಟು ವರ್ಷ ಉಳಿಯುತ್ತಿತ್ತೇನೋ. ಆ ಸದ್ದು ಉಳಿಯುತ್ತಿರಲಿಲ್ಲ. ಉಪ್ಪು ತಾಗದಂತೆ ಇಡುವುದು ಒಂದು ಜತನ. ತಾಗಿದ ಉಪ್ಪನ್ನು ಬೇಸರವಿಲ್ಲದೆ ತೊಳೆಯುತ್ತ ಹೋಗುವುದು ಇನ್ನೊಂದು. ಎರಡನೆಯದು ಹೆಚ್ಚು ಕಷ್ಟ, ಅದಕ್ಕೆ ಪ್ರತಿ ಶನಿವಾರ ಏಳಬೇಕು. ಊರಿಗೆ ಮರಳಿದ ಮೇಲೆ ನಾನು ಆಯಿಯ ಸೀರೆಯಲ್ಲಿ ಹರಿಯದೆ ಉಳಿದ ಸೆರಗನ್ನು ಕತ್ತರಿಸಿ, ಮಗಳಿಗೆ ಒಂದು ರವಿಕೆ ಹೊಲಿಸಿದೆ. ಈಗ ಅದರ ತೋಳಿನ ಮೇಲೊಂದು ಸಾರಿನ ಕಲೆಯಿದೆ. ಆಯಿ ಬೈಯುತ್ತಿದ್ದಳೋ ನಗುತ್ತಿದ್ದಳೋ, ಇನ್ನೂ ಯೋಚಿಸುತ್ತಿದ್ದೇನೆ.