ಬರೆದದ್ದನ್ನೇ ಬರೆಯುವುದು

ಇನ್ನೊಬ್ಬರು ಕದಿಯಬೇಕೆನ್ನಿಸುವಷ್ಟು ದೊಡ್ಡ ಬರಹಗಾರ ನಾನಲ್ಲ ಎಂದು ಬಹಳ ಕಾಲ ನೆಮ್ಮದಿಯಿಂದಿದ್ದೆ. ಆ ನೆಮ್ಮದಿ ಹೋದದ್ದು ಅಕ್ಕನ ಮೊಮ್ಮಗನಿಂದ. ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದವನು ಮೊಬೈಲು ನೋಡುತ್ತ ಕೂತಿದ್ದು, "ಅಜ್ಜಾ, ನೀನು ಕಗ್ಗದ ಮೇಲೆ ಬರೆದದ್ದು ಇಲ್ಲಿದೆ, ಆದರೆ ಹೆಸರು ಬೇರೆ ಯಾರದೋ" ಎಂದ. ಕನ್ನಡಕ ಹುಡುಕಿ ಓದಿದೆ. ಒಂದು ವಾಕ್ಯವೂ ನನ್ನದಲ್ಲ. ಆದರೂ ಮುಂದಿನ ಪ್ಯಾರಾದಲ್ಲಿ ಏನು ಬರುತ್ತದೆಂದು ನನಗೆ ಮೊದಲೇ ತಿಳಿಯುತ್ತಿತ್ತು. ನಮ್ಮ ಮನೆಗೆ ಯಾರೋ ಬೇರೆ ಬಣ್ಣ ಬಳಿದಿದ್ದಾರೆ. ಆದರೆ ಕತ್ತಲೆಯಲ್ಲಿ ದೀಪದ ಗುಂಡಿ ಎಲ್ಲಿದೆಯೆಂದು ಕೈಗೆ ಗೊತ್ತು. ಅಂಥ ಅನುಭವ.

ಕಗ್ಗವೆಂದರೆ ಇಲ್ಲಿ ಡಿ.ವಿ.ಜಿ.ಯವರದಲ್ಲ, ಭತ್ತ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವ ಮುಂಚೆ ಹರಡಿಕೊಳ್ಳುವ ಕಡೆ ಗಜನಿ ಭೂಮಿಯಿದೆ. ಭರತದಲ್ಲಿ ಉಪ್ಪುನೀರು ನುಗ್ಗುವ ನೆಲ. ಮಳೆಯ ನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಬಿತ್ತುವುದು ಈ ಕಗ್ಗವನ್ನು. ಅದು ಉಪ್ಪನ್ನು ತಾಳುತ್ತದೆ, ಕೆಲವು ದಿನ ಮುಳುಗಿದರೂ ಕೊಳೆಯುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಇಷ್ಟೆಲ್ಲ ನಡೆಯುವುದು ಹೊಳೆಗೂ ಗದ್ದೆಗೂ ನಡುವೆ ಒಂದು ಮಣ್ಣಿನ ಕಟ್ಟು ಇದ್ದರೆ ಮಾತ್ರ.

ಈ ವಿಷಯ ಬರೆಯಲು ನಾನು ಒಂದು ಕೊಪ್ಪಕ್ಕೆ ನಾಲ್ಕು ಸಲ ಹೋಗಿದ್ದೆ. ಅಲ್ಲಿದ್ದ ಒಬ್ಬ ಅಜ್ಜಿ ಬೀಜದಿಂದ ಹಿಡಿದು ಗಂಜಿಯವರೆಗೆ ಎಲ್ಲವನ್ನೂ ಹೇಳಿದಳು. ಕಟ್ಟಿನ ವಿಷಯ ಮಾತ್ರ ಅವಳನ್ನು ಕೇಳಲಿಲ್ಲ. ಚಹಾದಂಗಡಿಯಲ್ಲಿ ಯಾರೋ ಹೇಳಿದ್ದನ್ನು ನಂಬಿ 'ಈ ಕಟ್ಟನ್ನು ಹಿಂದೆ ಒಡೆಯರು ಕಟ್ಟಿಸಿದರು' ಎಂದು ಬರೆದುಬಿಟ್ಟೆ. ಲೇಖನ ಇಲ್ಲಿನ ಒಂದು ವಾರಪತ್ರಿಕೆಯಲ್ಲಿ ಬಂತು. ಪತ್ರಿಕೆ ಒಯ್ದು ಅವಳಿಗೆ ಓದಿ ಹೇಳಿದೆ. ಕವಳ ಜಗಿಯುತ್ತ ಕೇಳಿದವಳು ಆ ವಾಕ್ಯಕ್ಕೆ ಬಂದಾಗ ಕೈ ಅಡ್ಡ ಮಾಡಿದಳು. "ಒಡೆಯರು ಕಟ್ಟಿಸಲಿಲ್ಲ ಮಾಸ್ತರೇ, ನಾವು ಕಟ್ಟಿದ್ದು. ಒಡೆಯರು ಕೊಡೆ ಹಿಡಿದು ನಿಂತಿದ್ದರು."

ಗೇಣಿ ಕಾಲದ ಮಾತು ಅದು. ಇಳಿತ ರಾತ್ರಿಯಿದ್ದರೆ ರಾತ್ರಿಯೇ ಮಣ್ಣು ಹೊರಬೇಕು, ಭರತ ಬರುವ ಮೊದಲು ಮುಗಿಸಬೇಕು, ಕೂಲಿಯಿಲ್ಲ. ಅವಳು ಬಾಣಂತಿಯಾಗಿದ್ದಾಗಲೇ ಹೆಡಿಗೆ ಹೊತ್ತಿದ್ದಳಂತೆ. ನನಗೆ ಮುಖ ಎತ್ತಲಾಗಲಿಲ್ಲ. ಮರುವಾರ ತಿದ್ದುಪಡಿ ಕಳಿಸಿದೆ. ಒಂದು ಟೆಂಡರ್ ಜಾಹೀರಾತಿನ ಕೆಳಗೆ ನಾಲ್ಕು ಸಾಲು ಬಂತು.

ಹುಡುಗ ತೋರಿಸಿದ ಲೇಖನದಲ್ಲಿ ಆ ಕಟ್ಟು 'ದೂರದೃಷ್ಟಿಯುಳ್ಳ ಒಡೆಯರು ನಿರ್ಮಿಸಿದ ತಡೆಗೋಡೆ' ಆಗಿತ್ತು. ಇನ್ನೂ ಹುಡುಕಿದಾಗ ಎರಡು ಸಿಕ್ಕವು. ಒಂದರಲ್ಲಿ ಅದು 'ಅಂದಿನ ಜಮೀನ್ದಾರರ ವೈಜ್ಞಾನಿಕ ಕೊಡುಗೆ'. ತಿರುಗಿಸಿ ಬರೆಯುವವನು ಶಬ್ದ ಬದಲಿಸಲೇಬೇಕು. ಬದಲಿಸುವಾಗ ಶಬ್ದ ಸ್ವಲ್ಪ ದೊಡ್ಡದಾಗುತ್ತದೆ, ಅದರೊಂದಿಗೆ ತಪ್ಪೂ ಬೆಳೆಯುತ್ತದೆ. ಅಜ್ಜಿಯ ಹೆಸರು ಮೊದಲನೆಯದರಲ್ಲೇ ಬಿದ್ದುಹೋಗಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಕೀಲ. ಅವನಲ್ಲಿಗೆ ಹೋದೆ. "ಕಷ್ಟ ಸರ್" ಎಂದು ಆರ್.ಜಿ. ಆನಂದ್ ಎಂಬುವರ ಕತೆ ಹೇಳಿದ. ಆನಂದ್ ದೆಹಲಿಯಲ್ಲಿ ವಾಸ್ತುಶಿಲ್ಪಿ, ನಾಟಕಕಾರರೂ ಹೌದು. ಅವರು 1953ರಲ್ಲಿ 'ಹಮ್ ಹಿಂದೂಸ್ತಾನಿ' ಎಂಬ ನಾಟಕ ಬರೆದರು. ಪಂಜಾಬಿ ಮನೆ, ಮದ್ರಾಸಿ ಮನೆ, ನಡುವೆ ಪ್ರೀತಿ ಮತ್ತು ಪ್ರಾಂತಾಭಿಮಾನ. ಸಿನೆಮಾದವರಿಗೆ ಅದನ್ನು ಓದಿಯೂ ಹೇಳಿದರು. 1956ರಲ್ಲಿ 'ನ್ಯೂ ಡೆಲ್ಲಿ' ಚಿತ್ರ ಬಂತು, ಇದೇ ವಸ್ತು. ಆನಂದ್ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ವಿಚಾರಕ್ಕೆ, ವಸ್ತುವಿಗೆ, ಐತಿಹಾಸಿಕ ಸಂಗತಿಗೆ ಯಾರೂ ಒಡೆಯರಲ್ಲ. ಹಕ್ಕು ಇರುವುದು ಹೇಳಿದ ರೀತಿಗೆ, ಜೋಡಿಸಿದ ಕ್ರಮಕ್ಕೆ. ಎರಡನ್ನೂ ನೋಡಿದವನಿಗೆ ಇದು ಅದರ ನಕಲೇ ಎಂದು ಸ್ಪಷ್ಟವಾಗಿ ಅನ್ನಿಸಬೇಕು.

1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ನನ್ನಂಥವನಿಗೆ ಏನೂ ಇಲ್ಲವೆಂದಲ್ಲ. ಕೃತಿಯನ್ನು ಸಂಕ್ಷೇಪಿಸುವುದು, ಹಿಂದುಮುಂದು ಮಾಡಿ ಬಳಸುವುದು ಕೂಡ ಮೂಲ ಹಕ್ಕುದಾರನಿಗೆ ಸೇರಿದ್ದು. 57ನೆಯ ಕಲಮಿನ ಪ್ರಕಾರ ಹಕ್ಕನ್ನು ಮಾರಿದ ಮೇಲೂ 'ಇದು ನನ್ನ ಕೃತಿ' ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕನಲ್ಲಿ ಉಳಿಯುತ್ತದೆ. "ಪ್ಯಾರಾಗಳ ಕ್ರಮ ಅದೇ ಇದೆ ಎಂದು ವಾದಿಸಬಹುದು. ಅದಕ್ಕಿಂತ, ನೀವು ಮಾಡಿದ ತಪ್ಪು ಅವರಲ್ಲೂ ಇದೆ. ತಪ್ಪೇ ನಿಮಗೆ ಒಳ್ಳೆಯ ಸಾಕ್ಷಿ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ದಾರಿಯಲ್ಲಿ ಯೋಚಿಸಿದರೆ ಕೋರ್ಟು ಹೇಳಿದ್ದು ಸರಿಯೆಂದೇ ಅನ್ನಿಸಿತು. ಕಗ್ಗದ ಸಂಗತಿ ನನ್ನ ಸ್ವತ್ತಾದರೆ ನಾಳೆ ಆ ಕೊಪ್ಪದ ಮಗುವೇ ಅದನ್ನು ಬರೆಯುವಂತಿಲ್ಲ! ಅಜ್ಜಿ ಅತ್ತೆಯಿಂದ ಕಲಿತಳು, ನಾನು ಅಜ್ಜಿಯಿಂದ ಕೇಳಿದೆ. ವ್ಯಾಸರು ತಮ್ಮ ಕತೆಗೆ ಬೇಲಿ ಹಾಕಿದ್ದರೆ ಪಂಪನಿಲ್ಲ. ಆದರೆ ಪಂಪ ತಾನು ಈಜಲು ಹೊರಟದ್ದು ವ್ಯಾಸರ ಕಡಲನ್ನು ಎಂದು ಮೊದಲೇ ಹೇಳಿಕೊಂಡ. ನಮ್ಮ ಹಿಂದಿನವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಒಂಬತ್ತನೆಯ ಶತಮಾನದ ಆನಂದವರ್ಧನ ಹೋಲಿಕೆಯಲ್ಲಿ ಮೂರು ಬಗೆ ಎಣಿಸುತ್ತಾನೆ: ಕನ್ನಡಿಯ ಬಿಂಬದಂತೆ, ಚಿತ್ರದಂತೆ, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತೆ. ಮೊದಲ ಎರಡನ್ನು ಬಿಡಬೇಕು. ಮೂರನೆಯದಕ್ಕೆ ತನ್ನದೇ ಜೀವವಿರುವುದರಿಂದ ಅಡ್ಡಿಯಿಲ್ಲ. ಅದಕ್ಕೂ ಮೊದಲಿನ ಬಾಣಭಟ್ಟ ಹರ್ಷಚರಿತದ ಆರಂಭದಲ್ಲೇ, ವರ್ಣ ಬದಲಿಸಿ ಬಂಧದ ಗುರುತು ಮುಚ್ಚುವ ಕವಿಯನ್ನು ಯಾರೂ ಹೇಳದೆಯೇ ಕಳ್ಳನೆಂದು ಗುರುತಿಸುತ್ತಾರೆ ಎಂದು ಚುಚ್ಚಿದ್ದಾನೆ. ವರ್ಣವೆಂದರೆ ಅಕ್ಷರವೂ ಹೌದು, ಬಣ್ಣವೂ ಹೌದು. ಬಂಧವೆಂದರೆ ಪದ್ಯದ ಕಟ್ಟೂ ಹೌದು, ಕಳ್ಳನ ಬೇಡಿಯೂ ಹೌದು. ಈಗ ವರ್ಣ ಬದಲಿಸುವುದಕ್ಕೆ ಯಂತ್ರವೇ ಬಂದಿದೆ. ಈ ಕಡೆ ಲೇಖನ ಹಾಕಿದರೆ ಆ ಕಡೆ ಬೇರೆ ಮಾತಿನಲ್ಲಿ ಅದೇ ಸರಕು.

ಹೀಗೆಲ್ಲ ಹೇಳುವ ನಾನು ಸಾಚಾ ಅಲ್ಲ. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ವಾಚನಾಲಯದ ಇಂಗ್ಲಿಷ್ ಪತ್ರಿಕೆಯೊಂದರ ಲೇಖನವನ್ನು ಕನ್ನಡಕ್ಕಿಳಿಸಿ, ಆರಂಭವನ್ನು ಕೊನೆಗೆ ತಂದು, ನಡುವೆ ಒಂದು ಗಾದೆ ಸೇರಿಸಿ ನನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ್ದೆ. 'ಸಂಗ್ರಹ' ಎಂಬ ಮೂರಕ್ಷರ ಸೇರಿಸಬಹುದಿತ್ತು, ಸೇರಿಸಲಿಲ್ಲ. ಹದಿನೈದು ರೂಪಾಯಿ ಮನಿಯಾರ್ಡರ್ ಬಂತು. ತರಗತಿಯಲ್ಲಿ ಒಬ್ಬ ಹುಡುಗ ಎದ್ದು, "ಸರ್, ಎಪ್ಪತ್ತಾರು ವರ್ಷಕ್ಕೆ ಮತ್ತೆ ಬರುವುದು ಇದೇ ಧೂಮಕೇತು ಎಂದು ನೀವು ಬರೆದಿದ್ದೀರಲ್ಲ, ಬೇರೆಯದಲ್ಲ ಎಂದು ಹೇಗೆ ಗೊತ್ತು?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಮೂಲ ಲೇಖನದಲ್ಲಿ ಅದು ಇರಲಿಲ್ಲ, ಆದ್ದರಿಂದ ನನ್ನ ಹತ್ತಿರವೂ ಇರಲಿಲ್ಲ. ನನಗೆ ಗೊತ್ತಿಲ್ಲ ಎನ್ನಲು ಆಗಲಿಲ್ಲ, ಏಕೆಂದರೆ ಬರೆದವನು ನಾನು. ಆ ಪತ್ರಿಕೆ ನೋಡು ಎನ್ನಲೂ ಆಗಲಿಲ್ಲ, ನೋಡಿದರೆ ಸಿಕ್ಕಿಬೀಳುತ್ತಿದ್ದೆ. ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದೆ. ಇಂಗ್ಲಿಷ್ ಲೇಖಕನಿಗೆ ನನ್ನಿಂದ ಏನು ನಷ್ಟವಾಯಿತೋ, ದೊಡ್ಡದೇನೂ ಇರಲಾರದು. ನಷ್ಟವಾದದ್ದು ಆ ಹುಡುಗನಿಗೆ. ಅವನು ಹೋಗಿ ಕೇಳಬಹುದಾಗಿದ್ದ ಜಾಗಕ್ಕೆ ನಾನು ಅಡ್ಡ ನಿಂತಿದ್ದೆ. ಮೂಲದ ಹೆಸರು ಹೇಳುವುದನ್ನು ನಾವು ಲೇಖಕನಿಗೆ ಸಲ್ಲಿಸುವ ಮರ್ಯಾದೆ ಎಂದುಕೊಂಡಿದ್ದೇವೆ. ಅದು ಓದುಗನಿಗೆ ಬಿಡುವ ದಾರಿಯೂ ಹೌದು; ತಪ್ಪು ತಿದ್ದುವ ಮಾತೂ ಬರುವುದು ಆ ದಾರಿಯಲ್ಲೇ. ನನ್ನ ನಾಲ್ಕು ಸಾಲಿನ ತಿದ್ದುಪಡಿ ಆ ಮೂರು ಲೇಖನಗಳನ್ನು ತಲುಪಲಿಲ್ಲ. ತಲುಪುವ ದಾರಿಯೇ ಇರಲಿಲ್ಲ.

ಕೊನೆಗೆ ಕೇಸು ಬಿಟ್ಟು, ಮೊದಲ ಲೇಖನದವನ ನಂಬರು ಹುಡುಕಿಸಿ ಫೋನು ಮಾಡಿದೆ. ಸಣ್ಣ ಪ್ರಾಯದ ದನಿ. "ನಿಮ್ಮ ಒಂದು ವಾಕ್ಯವೂ ಇಲ್ಲವಲ್ಲ ಸರ್" ಎಂದ. ಹೌದಪ್ಪ, ಎಂದೆ. ದಿನಕ್ಕೆ ಇಷ್ಟು ಲೇಖನ ಕೊಡಬೇಕು, ಲೇಖನಕ್ಕಿಷ್ಟು ಎಂದು ದುಡ್ಡು, ಗದ್ದೆಗೆ ಹೋಗಿ ಕೂತರೆ ಹೊಟ್ಟೆಗೇನು ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಸಂಬಳ ತಿಂದುಕೊಂಡು ಬರೆದವನು. ನನ್ನ ಹೆಸರು ಹಾಕುವುದು ಬೇಡ, ಕಟ್ಟಿನ ವಾಕ್ಯವೊಂದನ್ನು ಸರಿಮಾಡು ಎಂದು ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. "ಅವರ ನಂಬರು ಇದೆಯಾ ಸರ್? ಒಮ್ಮೆ ಕೇಳಿಕೊಳ್ಳುತ್ತೇನೆ" ಎಂದ. ತೀರಿಕೊಂಡು ಎರಡು ವರ್ಷವಾಯಿತು ಎಂದೆ.

ಹುಡುಗ ಮಾತಿಗೆ ತಪ್ಪಲಿಲ್ಲ. ಎರಡು ದಿನದಲ್ಲಿ ತಿದ್ದಿದ. ಈಗ ಅಲ್ಲಿ, ಆ ಕಟ್ಟನ್ನು ದೂರದೃಷ್ಟಿಯುಳ್ಳ ಒಡೆಯರು ನಿರ್ಮಿಸಿದರು, ಒಕ್ಕಲುಗಳೇ ಕಟ್ಟಿದರೆಂದೂ ಕೆಲವರು ಹೇಳುತ್ತಾರೆ, ಎಂದಿದೆ. ಉಳಿದ ಇಬ್ಬರ ನಂಬರು ಇನ್ನೂ ಸಿಕ್ಕಿಲ್ಲ.